ಕುಬಸಕ್ಕೆ ಹೊರಟ ಗೌನು

ಲೀನಾ ಮಹಡಿಯ ಮೆಟ್ಟಿಲಿಳಿದು ಬಂದು ಪಡಸಾಲೆಯ ನಡುವೆ ನಿಂತಳು. ತೊಟ್ಟ ಬಟ್ಟೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಒಂದು ಸುತ್ತು ತಿರುಗಿದಳು. ದೇವರ ಕೋಣೆಯ ಬಾಗಿಲಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಬಸವಣ್ಣೆವ್ವನ ಮೂರು ಬೆರಳು ಹಣೆಯ ಮೇಲೆ ಅರ್ಧಕ್ಕೇ ನಿಂತವು.

“ಅತ್ತಿ, ಚಲೋ ಐತ್ರಿ?” ಎಂದು ಲೀನಾ ಕೇಳಿದಳು. ನಾರ್ವೆ ದೇಶದ ಈ ಹುಡುಗಿ ಬೆಳಗಾವಿಗೆ ಬಂದ ಮೂರು ವಾರದಲ್ಲಿ ಕಲಿತ ಕನ್ನಡವೆಲ್ಲ ಈ ಮೂರು ಮಾತಿನಲ್ಲಿತ್ತು. ಹೇಳುವಾಗ ಮಾತ್ರ ಮುಖವಿಡೀ ಹೂವಾಗುತ್ತಿತ್ತು.

“ಚಲೋ ಐತಿ,” ಎಂದುಬಿಟ್ಟಳು ಬಸವಣ್ಣೆವ್ವ. ಮನೆಗೆ ಬಂದವರು ಕೇಳಿದರೆ ಬೇರೆ ಉತ್ತರ ಕೊಟ್ಟು ಆಕೆಯ ನಾಲಿಗೆಗೆ ರೂಢಿಯಿರಲಿಲ್ಲ. ಅಂದ ಮೇಲೆ ಎದೆ ಧಸಕ್ಕೆಂದಿತು. ಇನ್ನರ್ಧ ಗಂಟೆಯಲ್ಲಿ ಹೊರಡಬೇಕಾಗಿದ್ದದ್ದು ಪಾರಿಶ್ವಾಡದ ತವರುಮನೆಗೆ. ಅಲ್ಲಿ ಅಣ್ಣನ ಸೊಸೆಯ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಕಾರ್ಯ. ಇಡೀ ಊರಿನ ಹೆಂಗಸರು ಸೇರುತ್ತಾರೆ. ಲೀನಾ ತೊಟ್ಟಿದ್ದದ್ದು ಗೌನು.

ಬೇರೆ ಕಡೆಯವರು ನೈಟಿ ಎನ್ನುವುದನ್ನು ಬೆಳಗಾವಿಯವರು ಗೌನು ಎನ್ನುತ್ತಾರೆ. ಹೆಸರು ಯಾವುದಾದರೂ ಬಟ್ಟೆ ಅದೇ. ಕುತ್ತಿಗೆಯಿಂದ ಪಾದದವರೆಗೆ ಒಂದೇ ಸಡಿಲ ಚೀಲ, ಹಳದಿ ನೆಲದ ಮೇಲೆ ಕೆಂಪು ಹೂವು, ಎದೆಯ ಮೇಲೊಂದಿಷ್ಟು ಕಸೂತಿ. ಅಷ್ಟೇ ಆಗಿದ್ದರೆ ಬಸವಣ್ಣೆವ್ವ ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ಲೀನಾ ಅದರ ಮೇಲೆ, ಎರಡೂ ಹೆಗಲು ಮುಚ್ಚುವಂತೆ, ಒಂದು ಬಿಳಿ ಟಾವೆಲ್ಲನ್ನೂ ಹೊದ್ದಿದ್ದಳು. ಸದಾಶಿವನಗರದ ಆ ಓಣಿಯಲ್ಲಿ ಬೆಳಗಾದರೆ ತರಕಾರಿ ಗಾಡಿಯ ಸುತ್ತ ನಿಲ್ಲುವ ಹೆಂಗಸರೆಲ್ಲರ ಉಡುಪು ಅದೇ: ಗೌನು, ಮೇಲೊಂದು ಟಾವೆಲ್ಲು. ದಿನಾ ಮಹಡಿಯ ಮೇಲಿಂದ ನೋಡಿ ನೋಡಿ ಹುಡುಗಿ ಈ ದೇಶದ ಶಿಸ್ತು ಇದೇ ಎಂದುಕೊಂಡಿದ್ದಳು. ಇವತ್ತು ವಿಶೇಷ ದಿನ, ಅದಕ್ಕೇ ಟಾವೆಲ್ಲಿಗೆ ಇಸ್ತ್ರಿ ಹಾಕಿದ್ದಳು.

ಬಸವಣ್ಣೆವ್ವನ ಗಂಡ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದ. ಪೇಪರು ಅಲುಗಾಡುತ್ತಿತ್ತು.

“ಮೇಘಾ!” ಬಸವಣ್ಣೆವ್ವ ಸೊಸೆಯನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು. “ಇಂಗ್ಲಿಷಿನ್ಯಾಗ ಹೇಳು ಆಕಿಗೆ. ಪ್ಯಾಂಟರೆ ಹಾಕ್ಕೊ ಅನ್ನು.”

“ಎರಡೂ ಪ್ಯಾಂಟ ರಾತ್ರಿ ಒಗದ ಹಾಕ್ಯಾಳ್ರಿ, ಇನ್ನೂ ಹಸೀ ಅದಾವ. ಮತ್ತ ಈಗಷ್ಟ ನೀವ ಚಲೋ ಐತಿ ಅಂದ್ರೆಲ್ಲ.”

“ಬಾಯಿತಪ್ಪಿ ಅಂದ್ನಿ!”

“ಕೊಡಿಸಿದಾಕಿನೂ ನೀವ, ಚಲೋ ಅಂದಾಕಿನೂ ನೀವ. ಹೇಳಾಕಿ ನಾ ಏನ್ರಿ? ನಾ ಹೇಳಂಗಿಲ್ರಿ.” ಮೇಘಾ ಡಬ್ಬಿಯ ಮುಚ್ಚಳ ಒತ್ತುತ್ತಾ ಗೋಡೆಯ ಕಡೆ ತಿರುಗಿದಳು. ಅವಳ ಹೆಗಲೂ ಪೇಪರಿನ ಹಾಗೆಯೇ ಅಲುಗುತ್ತಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಈ ಸೊಸೆಗೆ ಮೂರು ವರ್ಷದಿಂದ ಈ ಮನೆಯಲ್ಲಿ ಗೌನು ತೊಟ್ಟು ಮಲಗುವ ಕೋಣೆಯ ಹೊಸ್ತಿಲು ದಾಟುವ ಅಪ್ಪಣೆಯಿರಲಿಲ್ಲ.

ಕೊಡಿಸಿದ್ದಂತೂ ಖರೆ. ಖಾನಾಪುರದ ಕಾಡಿನ ಗವಿಗಳಲ್ಲಿರುವ ಬಾವಲಿಗಳನ್ನು ಅಭ್ಯಾಸ ಮಾಡಲು ಬಂದವಳು ಲೀನಾ. ಮಗ ಆಕಾಶನ ಗೆಳೆಯನೊಬ್ಬನ ಮಾತಿನ ಮೇಲೆ ಮಹಡಿಯ ಕೋಣೆ ಕೊಟ್ಟಿದ್ದರು. ಬಾವಲಿ ನೋಡಲು ಇಷ್ಟು ದೂರ ಬರುತ್ತಾರೆಯೇ ಎಂದು ಬಸವಣ್ಣೆವ್ವ ಮೊದಲ ದಿನ ಬಾಯಿ ತೆರೆದವಳು ಎರಡು ದಿನ ಮುಚ್ಚಿರಲಿಲ್ಲ. ಹುಡುಗಿ ತಂದದ್ದೆಲ್ಲ ದಪ್ಪ ಬಟ್ಟೆ. ಬೆಟ್ಟದ ಸೀಮೆ, ತಂಪಿರುತ್ತದೆ ಎಂದು ಯಾರೋ ಹೇಳಿದ್ದರಂತೆ. ಏಪ್ರಿಲ್ಲಿನ ಬಿಸಿಲು ಎರಡೇ ವಾರದಲ್ಲಿ ಅವಳ ಕುತ್ತಿಗೆ, ಬೆನ್ನುಗಳ ಮೇಲೆಲ್ಲ ಬೆವರುಸಾಲೆ ಎಬ್ಬಿಸಿತು. ಮೇಘಾಳಿಗೆ ರಜೆಯಿರಲಿಲ್ಲ. ಬಸವಣ್ಣೆವ್ವನೇ ಆಟೋ ಹಿಡಿದು ಖಡೇಬಜಾರಕ್ಕೆ ಕರೆದುಕೊಂಡು ಹೋದಳು.

ಒಂದು ಮಾತೂ ಒಬ್ಬರದೊಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಆ ದಿನ ಬಲು ಖುಷಿಯಾಗಿ ಸುತ್ತಿದ್ದರು. ಅಂಗಡಿಯಲ್ಲಿ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡುವುದು, ಬೆಳಕಿಗೆ ಹಿಡಿಯುವುದು, ಮೂಗು ಮುರಿಯುವುದು, ಇದಕ್ಕೆಲ್ಲ ಭಾಷೆ ಬೇಕಿಲ್ಲ. ದೊಡ್ಡ ಅಂಗಡಿಗಳ ನೈಲಾನಿನ ಕುರ್ತಾಗಳೆಲ್ಲ ಬಸವಣ್ಣೆವ್ವನ ಪರೀಕ್ಷೆಯಲ್ಲಿ ನಪಾಸಾದವು. ಕೊನೆಗೆ ಸಂದಿಯೊಳಗಿನ ಕಾಂತಾಳ ಪುಟ್ಟ ಅಂಗಡಿಯಲ್ಲಿ ಲೀನಾ ಒಂದು ಗೌನನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ರಾತ್ರಿ ಮಲಗುವಾಗ ತೊಡಲಿ ಪಾಪ, ಹುಡುಗಿಗೆ ನಿದ್ದೆಯಾದರೂ ಬರಲಿ ಎಂದು ಬಸವಣ್ಣೆವ್ವ ಹೆಬ್ಬೆರಳೆತ್ತಿ, “ಚಲೋ ಐತಿ! ಭಾಳ ಚಲೋ ಐತಿ!” ಎಂದಳು. ಕಾಂತಾಳ ಸಂಗಡ ಗಂಟಲು ಹರಿಯುವ ಹಾಗೆ ಚೌಕಾಸಿ ಮಾಡಿ ಮೂರು ಕೊಡಿಸಿದಳು. ಲೀನಾ ಆ ಹೊಸ ಮಾತನ್ನು ಆಟೋದಲ್ಲಿ ಮನೆಯವರೆಗೂ ಹೇಳಿಕೊಂಡು ಬಂದಳು. ಮನೆಯಲ್ಲೂ ಮಹಡಿಯ ಮೇಲೂ ತೊಟ್ಟುಕೊಂಡು ಓಡಾಡಿದಳು. ಅತಿಥಿ ಅಲ್ಲವೇ ಎಂದು ಬಸವಣ್ಣೆವ್ವ ನುಂಗಿಕೊಂಡಿದ್ದಳು.

ಈಗ ನುಂಗುವುದು ಕಷ್ಟವಾಗಿತ್ತು. ಪಾರಿಶ್ವಾಡದಲ್ಲಿ ಕುಬಸ ಯಾರದು? ಸೃಷ್ಟಿಯದು. ಹೋದ ವರ್ಷ ಬಸವ ಜಯಂತಿಗೆ ತವರಿಗೆ ಹೋದಾಗ, ಮದುವೆಯಾಗಿ ಎರಡು ತಿಂಗಳಾಗಿದ್ದ ಇದೇ ಸೃಷ್ಟಿ ಒಲೆಯ ಮುಂದಿನಿಂದೆದ್ದು ಬೆವರು ಒರೆಸಿಕೊಳ್ಳುತ್ತಾ, ಗೌನಿನಲ್ಲೇ, ಹಿರಿಯರು ಕೂತ ಪಡಸಾಲೆಗೆ ಚಹಾ ತಂದಿದ್ದಳು. “ಇದು ಮನಿನೋ ಲಾಡ್ಜೋ?” ಎಂದು ಬಸವಣ್ಣೆವ್ವ ಹತ್ತು ಮಂದಿಯ ಮುಂದೆ ಕೇಳಿದ್ದಳು. ಹುಡುಗಿ ಚಹಾದ ತಾಟು ಹಿಡಿದು ಹಾಗೆಯೇ ಒಳಗೆ ಹೋದವಳು ಹೊರಗೆ ಬರಲಿಲ್ಲ. ಆ ದಿನ ಯಾರೂ ಚಹಾ ಕುಡಿಯಲಿಲ್ಲ. ಅಣ್ಣ ಸಿದ್ದಪ್ಪ ಒಂದು ಮಾತೂ ಆಡಲಿಲ್ಲ. ಆಡದಿದ್ದದ್ದೇ ಬಸವಣ್ಣೆವ್ವನಿಗೆ ಚುಚ್ಚಿತ್ತು.

ಆಮೇಲೆ ನಾಗರ ಪಂಚಮಿ ಬಂತು. ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸದ ಪಂಚಮಿಗೆ, ಮೊಣಕಾಲು ನೋವು ಎಂದು ಫೋನಿನಲ್ಲಿ ಸುಳ್ಳು ಹೇಳಿ ಮನೆಯಲ್ಲೇ ಕೂತು ಒಬ್ಬಳೇ ಎಳ್ಳುಂಡಿ ತಿಂದಿದ್ದಳು. ತಪ್ಪು ತನ್ನದೆಂದು ಗೊತ್ತಿತ್ತು. ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಹೋದ ವಾರ ಅಣ್ಣನ ಹೆಂಡತಿ ಭರಮವ್ವ ಫೋನು ಮಾಡಿ, “ಸೃಷ್ಟಿನ ಹೇಳ್ಯಾಳವ್ವ, ಅತ್ತಿನ್ನ ಕರೀರಿ ಅಂತ” ಎಂದಾಗ ಬಸವಣ್ಣೆವ್ವ ಅಡಿಗೆಮನೆಗೆ ಹೋಗಿ ಸುಮ್ಮನೆ ನಿಂತು ಅತ್ತಿದ್ದಳು. ತವರಿನ ಬಾಗಿಲು ಮತ್ತೆ ತೆರೆದಿತ್ತು. ಅದರೊಳಗೆ ಮೊದಲ ಹೆಜ್ಜೆ ಇಡುವಾಗ ಸಂಗಡ ಈ ಹಳದಿ ಗೌನು!

ಮೇಘಾ ಕಾರು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಲೀನಾ ಕಿಟಕಿ ಇಳಿಸಿ, ಗೌನಿನ ತೋಳಿನೊಳಗೆ ಗಾಳಿ ತುಂಬಿಕೊಂಡು ಹಾಡು ಗುನುಗುತ್ತಿದ್ದಳು. ಬಸವಣ್ಣೆವ್ವ ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಮುಂದೆ ಕೂತಿದ್ದಳು. ಮಡಿಲಲ್ಲಿ ಸೃಷ್ಟಿಗೆಂದು ತಂದ ಹಸಿರು ಇಳಕಲ್ ಸೀರೆಯ ಚೀಲವಿತ್ತು. ರಸ್ತೆಯ ಬದಿಯಲ್ಲಿ ಹಂಚಿನ ಭಟ್ಟಿಗಳು, ಕಾಯಿ ಜೋತ ಮಾವಿನ ಗಿಡಗಳು ಬಂದು ಬಂದು ಹೋದವು. ಆಕೆಗೆ ಒಂದೂ ಕಾಣಲಿಲ್ಲ.

“ಖಾನಾಪುರ ಬಜಾರದಾಗ ಒಂಚೂರು ನಿಂದ್ರಸು,” ಎಂದಳು. “ಹೂವ ತಗೋಬೇಕು.”

ಹೂವು ಡಿಕ್ಕಿಯಲ್ಲಿದೆಯೆಂದು ಮೇಘಾಳಿಗೆ ಗೊತ್ತಿತ್ತು. ಆದರೂ ನಿಲ್ಲಿಸಿದಳು. ಬಸವಣ್ಣೆವ್ವ ಲೀನಾಳ ಕೈ ಹಿಡಿದು ನೇರವಾಗಿ ಮಾಯಕ್ಕನ ಸೀರೆ ಅಂಗಡಿ ಹೊಕ್ಕಳು.

“ಯಾ ಯಾ, ಬರ್ರಿ, ಕುಂದರ್ರಿ,” ಎಂದು ಮಾಯಕ್ಕ ಮರಾಠಿ ಕನ್ನಡ ಕೂಡಿಸಿ ಕರೆದಳು. ಲೀನಾಳನ್ನು ಕೆಳಗಿನಿಂದ ಮೇಲಕ್ಕೆ ನೋಡುವಷ್ಟರಲ್ಲಿ ಆಕೆಯ ಕುತ್ತಿಗೆ ಹಿಂದಕ್ಕೆ ಬಾಗಿತು. “ಅಗಬಾಯಿ! ಎಷ್ಟ ಉಂಚ ಅದಾರ್ರಿ!”

“ಇವರಿಗೊಂದು ಸೀರಿ ಬೇಕು, ಜಂಪರ, ಪರಕಾರ ಸಹಿತ. ಇಲ್ಲೇ ಉಡಸ್ಕೊಂಡ ಹೋಗೋದು.”

ಪರದೆಯ ಹಿಂದೆ ಸಾಹಸ ನಡೆಯಿತು. ಸೀರೆಯೊಳಗೆ ಉಡುವ ಪರಕಾರ ಲೀನಾಳ ಮೊಣಕಾಲಿನಿಂದ ಒಂದು ಗೇಣು ಕೆಳಗೆ ಬಂದು ನಿಂತುಬಿಟ್ಟಿತು. ಎಲ್ಲಕ್ಕಿಂತ ದೊಡ್ಡ ರೆಡಿಮೇಡ್ ಜಂಪರಿನ ತೋಳು ತಿಣುಕಿ ತಿಣುಕಿ ಮೊಣಕೈ ದಾಟಿತು. ಲೀನಾ ಉಸಿರು ಬಿಗಿಹಿಡಿದು, ಇದೂ ಈ ಮನೆಯವರ ಪ್ರೀತಿಯೇ ಇರಬೇಕೆಂದು ಕೈ ಮೇಲೆತ್ತಿ ವಿಧೇಯಳಾಗಿ ನಿಂತಿದ್ದಳು. ಹಿಂದಿನ ಹುಕ್ಕು ಹಾಕಲೆಂದು ಬಸವಣ್ಣೆವ್ವ ಅವಳ ಬೆನ್ನಿನ ಕಡೆ ಬಂದಳು. ಬೆನ್ನ ತುಂಬ ಕೆಂಪು ಬೆವರುಸಾಲೆ, ಸಾಸಿವೆ ಕಾಳು ಚೆಲ್ಲಿದ ಹಾಗೆ. ಜಂಪರು ಬಿಗಿದಲ್ಲಿ ಒಂದೆರಡು ಕಡೆ ಒಡೆದು ಹಸಿಯಾಗಿತ್ತು. ಲೀನಾ ಚಕಾರ ಎತ್ತಿರಲಿಲ್ಲ.

ಬಸವಣ್ಣೆವ್ವನ ಕೈ ನಿಂತಿತು. ಯಾರ ಮಗಳೋ, ಇವಳ ತಾಯಿ ನೋಡಿದ್ದರೆ ಏನನ್ನುತ್ತಿದ್ದಳು? ತನ್ನ ಮುಖ ಉಳಿಸಿಕೊಳ್ಳಲು ಈ ಬೆನ್ನಿಗೆ ಜರಿ ಜಂಪರು ಹಾಕಿಸುವುದೇ? ತನ್ನ ಮೇಲೆ ತನಗೇ ಸಿಟ್ಟು ಬಂತು.

“ತಗೀರಿ, ತಗೀರಿ ಅದನ್ನ,” ಎಂದಳು ಮಾಯಕ್ಕನಿಗೆ. ಗೌನನ್ನು ತಾನೇ ಕೊಡವಿ ಲೀನಾಳ ತಲೆಯ ಮೇಲಿಂದ ಇಳಿಬಿಟ್ಟಳು. ಟಾವೆಲ್ಲನ್ನು ಹೆಗಲಿಗೆ ಹೊದಿಸಿ ನೆರಿಗೆ ಸರಿಮಾಡಿದಳು. “ಮೇಘಾ, ಗಾಡಿ ತಗಿ. ಆದದ್ದ ಆಗಲಿ, ಹೋಗೂಣು.”

ಪಾರಿಶ್ವಾಡದ ಮನೆಯ ಮುಂದೆ ಹಂದರ ಹಾಕಿದ್ದರು. ಹಂದರದ ತುಂಬ ರೇಷ್ಮೆ ಸೀರೆಗಳ ಸರಬರ, ಬಳೆಗಳ ಸಪ್ಪಳ. ಕಾರಿನಿಂದ ಮೊದಲು ಬಸವಣ್ಣೆವ್ವ ಇಳಿದಳು, ಆಮೇಲೆ ಮೇಘಾ, ಆಮೇಲೆ ಹಳದಿ ಗೌನು, ಬಿಳಿ ಟಾವೆಲ್ಲು ಸಮೇತ ಆರಡಿ ಎತ್ತರದ ಲೀನಾ. ಮಾತು ಒಂದೊಂದು ಬಾಯಲ್ಲೇ ಆರುತ್ತಾ ಹೋಗಿ ಇಡೀ ಹಂದರ ಸ್ತಬ್ಧವಾಯಿತು. ಆರತಿ ತಾಟು ಹಿಡಿದಿದ್ದ ಭರಮವ್ವನ ದವಡೆ ಕೆಳಕ್ಕೆ ಜೋತಿತು. ನೆಲ ಬಿರಿದರೆ ಒಳಗೆ ಹೋದೇನು ಎನ್ನಿಸಿತು ಬಸವಣ್ಣೆವ್ವನಿಗೆ. ನೆಲ ಬಿರಿಯಲಿಲ್ಲ.

ಪಡಸಾಲೆಯಲ್ಲಿ ಮಣೆಯ ಮೇಲೆ ಸೃಷ್ಟಿ ಕೂತಿದ್ದಳು. ಮೈ ತುಂಬ ಹಸಿರು ಜರಿ ಸೀರೆ, ಕೈ ತುಂಬ ಹಸಿರು ಬಳೆ, ಕೊರಳಲ್ಲಿ ಮಣಭಾರದ ಹೂವಿನ ಹಾರ. ಕರೆಂಟು ಹೋಗಿತ್ತು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ಲೀನಾ ಅವಳ ಮುಂದೆ ಬಾಗಿ ಕೈ ಮುಗಿದು, “ಚಲೋ ಐತ್ರಿ?” ಎಂದಳು. ಸೃಷ್ಟಿ ಗೌನನ್ನು ನೋಡಿದಳು. ಟಾವೆಲ್ಲನ್ನು ನೋಡಿದಳು. ಆಮೇಲೆ ಕತ್ತೆತ್ತಿ ಬಸವಣ್ಣೆವ್ವನನ್ನು ನೋಡಿದಳು. ಒಂದು ವರ್ಷದ ಮೇಲೆ ಇಬ್ಬರ ಕಣ್ಣೂ ಕೂಡಿದವು.

“ಅತ್ತಿ,” ಎಂದಳು ಸೃಷ್ಟಿ ಮೆಲ್ಲಗೆ. ತುಟಿಯ ಒಂದು ಮೂಲೆ ಮಾತ್ರ ನಡುಗುತ್ತಿತ್ತು. “ಇದು ಮನಿನೋ ಲಾಡ್ಜೋ?”

ಹಂದರದಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಬಸವಣ್ಣೆವ್ವನಿಗೆ ನಗು ಉಕ್ಕಿ ಬಂತು. ತಡೆದಳು, ತಡೆಯಲಾಗಲಿಲ್ಲ.

“ನಾನ ಕೊಡಿಸೇನವ್ವ!” ಎಂದು ಕೂಗಿಯೇಬಿಟ್ಟಳು. “ಖಡೇಬಜಾರದಾಗ ತಾಸಗಟ್ಟಲೆ ಚೌಕಾಸಿ ಮಾಡಿ, ಒಂದಲ್ಲ, ಮೂರು ಕೊಡಿಸೇನಿ!”

ಸೃಷ್ಟಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಕ್ಕಳು. ಭರಮವ್ವ ಆರತಿ ತಾಟನ್ನು ಯಾರದೋ ಕೈಗೆ ದಾಟಿಸಿ ಕಂಬ ಹಿಡಿದು ನಕ್ಕಳು. ಹಂದರಕ್ಕೆ ಹಂದರವೇ ನಕ್ಕಿತು. ಏನಾಯಿತೆಂದು ತಿಳಿಯದ ಲೀನಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೊರಗೆ ಗಂಡಸರ ನಡುವೆ ಕೂತಿದ್ದ ಸಿದ್ದಪ್ಪ, ಒಳಗೇನು ಗದ್ದಲ ಎಂದು ಇಣುಕಿದವನು ತಂಗಿಯ ಮುಖ ನೋಡಿ, ಏನೂ ಕೇಳದೆ ತಾನೂ ಹಲ್ಲು ಬಿಟ್ಟು ಹಿಂದೆ ಸರಿದ.

ಕುಬಸ ಸಾಂಗವಾಗಿ ನಡೆಯಿತು. ಆರತಿಯಾಯಿತು, ಹಾಡಾಯಿತು, ಉಡುಗೊರೆಯಾಯಿತು. ಇಳಕಲ್ ಸೀರೆಯನ್ನು ಸೃಷ್ಟಿ ಕಣ್ಣಿಗೊತ್ತಿಕೊಂಡಳು. ಆದರೆ ಫೋಟೋ ಮುಗಿಯುವ ಲಕ್ಷಣವೇ ಇರಲಿಲ್ಲ. ಇನ್ನೊಂದು, ಇನ್ನೊಂದು ಎನ್ನುತ್ತಿದ್ದಂತೆ ಹುಡುಗಿಯ ಮುಖ ಬಿಳಿಚಿದ್ದನ್ನು ಬಸವಣ್ಣೆವ್ವ ಕಂಡಳು.

“ಸಾಕ ಮಾಡ್ರಿ ನಿಮ್ಮ ಫೋಟೋ! ಏಳವ್ವ ನೀ,” ಎಂದು ಸೃಷ್ಟಿಯ ರಟ್ಟೆ ಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಬಾಗಿಲು ಹಾಕಿ ಹಾರ ತೆಗೆದಳು. ಸೀರೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು. “ನಿನ್ನ ಗೌನ ಎಲ್ಲೈತಿ?”

ಸೃಷ್ಟಿ ಕೈಬಳೆಗಳನ್ನು ತಿರುಗಿಸುತ್ತಾ ನಿಂತಳು.

“ಎಲ್ಲೈತಿ ಅಂದ್ನಿ.”

“ಟ್ರಂಕಿನ ತಳದಾಗ ಅದಾವ್ರಿ,” ಎಂದಳು ಸೃಷ್ಟಿ. “ಆವತ್ತಿನಿಂದ ಹಾಕ್ಕೊಂಡಿಲ್ರಿ.”

ಈ ಬಿಸಿಲಿನಲ್ಲಿ, ಈ ಹೊಟ್ಟೆ ಹೊತ್ತುಕೊಂಡು, ಒಲೆಯ ಮುಂದೆ, ಒಂದು ವರ್ಷ. ತಾನಾಡಿದ ಒಂದು ಮಾತಿಗೆ. ಬಸವಣ್ಣೆವ್ವ ಮೊಣಕಾಲೂರಿ ಟ್ರಂಕು ತೆರೆದಳು. ಮೇಲಿನ ಸೀರೆಗಳನ್ನೆಲ್ಲ ಎತ್ತಿ ಬದಿಗಿಟ್ಟು ತಳದಿಂದ ಒಂದು ಗುಲಾಬಿ ಬಣ್ಣದ ಗೌನು ಎಳೆದಳು. ನುಸಿಗುಳಿಗೆಯ ವಾಸನೆ ಹೋಗಲೆಂದು ಕಿಟಕಿಯ ಹೊರಗೆ ಹಿಡಿದು ಜೋರಾಗಿ ಕೊಡವಿದಳು.

“ಕೈ ಎತ್ತು,” ಎಂದಳು. ಸೃಷ್ಟಿ ಎತ್ತಿದಳು. “ತಪ್ಪಾತವ್ವ ನಂದು.” ಗೌನು ಹುಡುಗಿಯ ಮುಖದ ಮೇಲಿದ್ದಾಗಲೇ ಅದನ್ನು ಹೇಳಿದ್ದರಿಂದ ಹೇಳಲು ಸಾಧ್ಯವಾಯಿತು. ಗೌನಿನೊಳಗಿನಿಂದ, “ಇರ್ಲಿ ಬಿಡ್ರಿ, ಅತ್ತಿ” ಎಂಬ ದನಿ ಬಂತು.

ಅರ್ಧ ತಾಸಿನ ಮೇಲೆ ಪಡಸಾಲೆಗೆ ಚಹಾ ಬಂತು. ತಂದವಳು ಸೃಷ್ಟಿ. ಗುಲಾಬಿ ಗೌನು, ಹೆಗಲ ಮೇಲೆ ಟಾವೆಲ್ಲು. ಹಿರಿಯ ಹೆಂಗಸರು ಬಸವಣ್ಣೆವ್ವನ ಮುಖ ನೋಡಿದರು. ಬಸವಣ್ಣೆವ್ವ ಎಲ್ಲರಿಗಿಂತ ಮೊದಲು ಕೈ ಚಾಚಿ ಕಪ್ಪು ತೆಗೆದುಕೊಂಡಳು, ಕಪ್ಪಿನಡಿಯ ಬಸಿಗೆ ಸುರುವಿ ಸೊರ್ ಎಂದು ಕುಡಿದಳು. ಕುಡಿದು ಇನ್ನೊಂದು ಕೇಳಿದಳು. ಅಷ್ಟು ರುಚಿಯಾದ ಚಹಾ ಕುಡಿದು ಬಹಳ ದಿನವಾಗಿತ್ತು.

ಹೊರಡುವ ಹೊತ್ತಿಗೆ ಭರಮವ್ವ ಮನೆಮಗಳಿಗೆ ಉಡಿ ತುಂಬಿದಳು. ಬಸವಣ್ಣೆವ್ವ ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಜಂಪರಿಗೊಂದು ಖಣ ಬಿದ್ದವು. ಇನ್ನೇನು ಗಂಟು ಕಟ್ಟಬೇಕು, ಹಿಂದಿನಿಂದ ಸೃಷ್ಟಿ ಬಂದು ಮಡಿಚಿದ ಬಟ್ಟೆಯೊಂದನ್ನು ಅಕ್ಕಿಯ ನಡುವೆ ತುರುಕಿದಳು. ಬಿಳಿಯ ನೆಲದ ಮೇಲೆ ಸಣ್ಣ ಸಣ್ಣ ನೀಲಿ ಹೂವು, ಮೆತ್ತನೆಯ ಹತ್ತಿ. ಬಾಣಂತನಕ್ಕೆಂದು ತಂದಿಟ್ಟುಕೊಂಡಿದ್ದ ಹೊಸ ಗೌನುಗಳಲ್ಲಿ ಒಂದು.

“ಹುಚ್ಚಿ, ಇದೇನ ಇದು! ಉಡಿಯಾಗ ಯಾರರೆ ಇದನ್ನ ಹಾಕ್ತಾರ?”

“ಉಡಿಯಾಗ ಹಾಕಿದ್ದ ಹೊಳ್ಳಿ ಕೊಡಬಾರದರಿ, ಅತ್ತಿ,” ಎಂದಳು ಸೃಷ್ಟಿ. ಅದು ನಿಜವಾಗಿತ್ತು. ಬಸವಣ್ಣೆವ್ವ ಸೆರಗು ಗಂಟು ಹಾಕಿ ಕಾರು ಹತ್ತಿದಳು.

ಆ ಗೌನು ಇಪ್ಪತ್ತು ದಿನ ಕಪಾಟಿನಲ್ಲಿ ಕೂತಿತ್ತು. ಲೀನಾ ತನ್ನ ಮೂರನ್ನೂ ಒಗೆದು ಒಗೆದು ಬಣ್ಣ ತೆಗೆದಳು. ಬೆವರುಸಾಲೆ ಪೂರ್ತಿ ಮಾಯವಾಯಿತು. ಒಂದು ಬೆಳಿಗ್ಗೆ ಮೇಘಾಳೂ ಗೌನು ತೊಟ್ಟು, ಟಾವೆಲ್ಲು ಹೊದ್ದು ತರಕಾರಿ ಗಾಡಿಗೆ ಹೋಗಿ ಬಂದಳು. ಬಸವಣ್ಣೆವ್ವ, “ಬದನಿಕಾಯಿ ಎಳೀವು ಅದಾವೇನ?” ಎಂದಷ್ಟೇ ಕೇಳಿದಳು. ಸೃಷ್ಟಿ ಹೆರಿಗೆಗೆಂದು ನಂದಗಡದ ತನ್ನ ತವರಿಗೆ ಹೋದಳು. ದಿನಾ ಮಧ್ಯಾಹ್ನ ಬಸವಣ್ಣೆವ್ವನಿಗೆ ವಿಡಿಯೋ ಕಾಲ್ ಮಾಡುವ ರೂಢಿಯಾಯಿತು.

ಮೇ ತಿಂಗಳ ನಡುವಿನ ಒಂದು ಮಧ್ಯಾಹ್ನ. ಫ್ಯಾನಿನ ಗಾಳಿಯೂ ಬಿಸಿಯಾಗಿತ್ತು. ಫೋನು ರಿಂಗಣಿಸಿತು. ಬಸವಣ್ಣೆವ್ವ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, “ಹಾಂ, ಹೇಳವ್ವ” ಎಂದಳು.

“ಅತ್ತಿ, ಬರೇ ಹಣಿ ಅಷ್ಟ ಕಾಣಾಕತ್ತೈತ್ರಿ. ಫೋನ ಸ್ವಲ್ಪ ದೂರ ಹಿಡೀರಿ.”

“ಕೈ ನೋಯ್ತೈತಿ. ನೀ ಉಂಡಿ?”

“ಉಂಡೇನ್ರಿ. ದೂರ ಹಿಡೀರಿ.”

“ಇಲ್ಲೆ ಬೆಳಕ ಕಡಿಮಿ ಐತವ್ವ.”

“ಅತ್ತೀ…”

ಬಸವಣ್ಣೆವ್ವ ಆಚೆ ಈಚೆ ನೋಡಿದಳು. ಗಂಡ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ, ಮುಖದ ಮೇಲೆ ಪೇಪರು. ಆಕೆ ಹೆಗಲ ಮೇಲಿನದನ್ನು ಒಂದು ಕೈಯಿಂದ ಸರಿಮಾಡಿಕೊಂಡು, ಇನ್ನೊಂದು ತೋಳನ್ನು ನಿಧಾನವಾಗಿ ಮುಂದೆ ಚಾಚಿದಳು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಮೊದಲು ಟಾವೆಲ್ಲಿನ ಅಂಚು ಕಂಡಿತು, ಆಮೇಲೆ ಒಂದೊಂದಾಗಿ ಸಣ್ಣ ಸಣ್ಣ ನೀಲಿ ಹೂವು.